ಪಕ್ಕದ ಮನೆಯ ನಕ್ಷತ್ರ

ಜೂನ್ ೩

ಇವತ್ತಿನಿಂದ ಈ ಬೆಟ್ಟದ ಜನಸಂಖ್ಯೆ ಎರಡು: ನಾನು ಮತ್ತು ಅಡುಗೆಯವ. ನರಿಯನ್ನು ಸೇರಿಸಿದರೆ ಮೂರು. ಆದರೆ ನರಿಗೆ ಸಂಬಳವಿಲ್ಲವಾದ್ದರಿಂದ ಕಚೇರಿಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಮಿಕ್ಕವರೆಲ್ಲ ಮಧ್ಯಾಹ್ನದ ವ್ಯಾನಿನಲ್ಲಿ ಇಳಿದು ಹೋದರು. ದೂರದರ್ಶಕಗಳ ದೊಡ್ಡ ಗುಮ್ಮಟಗಳು ಮೂರನ್ನೂ ಇನ್ನು ಮೇಲೆ ಲಾ ಸೆರೆನಾದಲ್ಲಿ, ಸಮುದ್ರದ ದಂಡೆಯ ಕಚೇರಿಯಲ್ಲಿ, ಚಪ್ಪಲಿ ಕಳಚಿ ಕಾಲು ಚಾಚಿಕೊಂಡು ಕುಳಿತವರು ತಂತಿಯ ಮೂಲಕ ಆಡಿಸುತ್ತಾರಂತೆ. ಹೋಗುವಾಗ ಎಲ್ಲರೂ ಕೆನ್ನೆಗೆ ಕೆನ್ನೆ ತಾಗಿಸಿ, "ಫೋನ್ ಮಾಡ್ತೀವಿ ಒತಿಲಿಯಾ" ಅಂದರು. ಮಾಡುವುದಿಲ್ಲ. ನಾನೂ ಎಷ್ಟೋ ಜನಕ್ಕೆ ಹೀಗೆ ಹೇಳಿದ್ದೇನೆ.

ನನ್ನ ಗುಮ್ಮಟ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹಳೆಯದು. ತಂತಿ ಎಳೆಯುವ ಯೋಗ್ಯತೆಯೂ ಅದಕ್ಕಿಲ್ಲವೆಂದು ತೀರ್ಮಾನವಾಗಿದೆ. ಆಗಸ್ಟ್ ಕೊನೆಗೆ ಮುಚ್ಚುತ್ತಾರೆ. ಅಲ್ಲಿಯವರೆಗೆ, ಮುದುಕಿಗೆ ಬಿಸಿಲಲ್ಲೊಂದು ಕುರ್ಚಿ ಹಾಕಿಕೊಟ್ಟ ಹಾಗೆ, ಅದನ್ನು ನನಗೆ ಬಿಟ್ಟಿದ್ದಾರೆ.

ಸೂರ್ಯ ಇಳಿಯುವ ಹೊತ್ತಿಗೆ ಅಭ್ಯಾಸಬಲದಿಂದ ಪಡುವಣ ಕಟ್ಟೆಗೆ ಹೋದೆ. ಇಲ್ಲಿ ಕೆಲಸಕ್ಕೆ ಬಂದವರು ಮೊದಲು ಕಲಿಯುವುದು ಈ ಕಟ್ಟೆಯ ಶಾಸ್ತ್ರ. ಎಲ್ಲ ಗುಮ್ಮಟದವರೂ ಸಾಲಾಗಿ ನಿಲ್ಲಬೇಕು. ಸೂರ್ಯನ ಕೊನೆಯ ಚೂರು ಹಸಿರಾಗಿ ಮಿಂಚಿತೋ ಇಲ್ಲವೋ ಎಂದು ಜಗಳವಾಡಬೇಕು. ಆಮೇಲೆ ಒಬ್ಬೊಬ್ಬರೂ ಈ ರಾತ್ರಿ 'ಶುಭ್ರ' ಅಥವಾ 'ಮೋಡ' ಎಂದು ಬಾಜಿ ಕಟ್ಟಬೇಕು. ಸೋತವರು ಮರುದಿನ ಎಲ್ಲರ ಕಪ್ಪು ತೊಳೆಯಬೇಕು. ಇವತ್ತು 'ಶುಭ್ರ' ಎಂದವಳೂ ನಾನೇ, ನ್ಯಾಯವಾಗಿರಲೆಂದು 'ಮೋಡ' ಎಂದವಳೂ ನಾನೇ. ನಾನು ಗೆದ್ದೆ. ಕಪ್ಪನ್ನೂ ತೊಳೆದೆ.

ಕತ್ತಲಾಗುತ್ತಲೇ ಮೂರು ಗುಮ್ಮಟಗಳೂ ತಾವಾಗಿಯೇ ಬಾಯಿ ತೆರೆದು ಗುರ್ರೆಂದು ತಿರುಗಿದವು. ಒಳಗೆ ನರಪಿಳ್ಳೆಯಿಲ್ಲ. ಸೌಜನ್ಯಕ್ಕೆ ನಮಸ್ಕಾರ ಹೇಳಿದೆ.

ಜೂನ್ ೫

ನನ್ನ ನಕ್ಷತ್ರದ ವಿಷಯ ಇಲ್ಲಿ ಬರೆದಿಡುತ್ತೇನೆ. ನನಗೆ ಮರೆತುಹೋದೀತೆಂದಲ್ಲ. ಯಾರೂ ಕೇಳುವುದಿಲ್ಲ, ಅದಕ್ಕೆ.

ಕುದುರೆಮೈಯ ಕಿನ್ನರ ಪುಂಜದಲ್ಲಿ ಅಕ್ಕಪಕ್ಕ ನಿಂತ ಎರಡು ಚುಕ್ಕಿಗಳಿವೆ. ಎಡಗಡೆಯದು ನನ್ನದು, ಬಲಗಡೆಯದು ಪಕ್ಕದ ಮನೆಯದು. ಪಕ್ಕದ ಮನೆಯದು ಸಂಸಾರವಂದಿಗ. ಅದರ ಕೆಳಗೆ ಮೂರು ಮರಿಚುಕ್ಕಿಗಳು. ನನ್ನದಕ್ಕೆ ಹಿಂದೆ ಮುಂದೆ ಯಾರೂ ಇಲ್ಲ. ಪಕ್ಕದ ಮನೆಯದರ ಬೆಳಕು ಏರುವುದಿಲ್ಲ, ಇಳಿಯುವುದಿಲ್ಲ, ಅಂಥ ಸಭ್ಯ. ಆದ್ದರಿಂದ ಅದನ್ನೇ ತೂಕದ ಕಲ್ಲು ಮಾಡಿಕೊಂಡು ನನ್ನದನ್ನು ತೂಗುವುದು. ಮಾಮೂಲಿ ಕಾಲದಲ್ಲಿ ನನ್ನದು ಅದರ ಎರಡರಷ್ಟು ಬೆಳಗುತ್ತದೆ. ಆದರೆ ಇಪ್ಪತ್ತಮೂರು ವರ್ಷಕ್ಕೊಮ್ಮೆ ಯಾವುದೋ ಕತ್ತಲು, ಧೂಳಿನ ಭಾರಿ ತಟ್ಟೆಯಿರಬೇಕು, ಅದರ ಮುಂದೆ ಹಾಯುತ್ತದೆ. ಆಗ ಎರಡಿದ್ದದ್ದು ಅರ್ಧವಾಗುತ್ತದೆ. ಎಷ್ಟು ಕಾಲ ಮರೆಯಲ್ಲಿರುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂಬುದನ್ನು ಈವರೆಗೆ ಯಾರೂ ಕಂಡಿಲ್ಲ. ಕಂಡರೆ ಆ ಕತ್ತಲಿನ ಅಗಲ ಗೊತ್ತಾಗುತ್ತದೆ.

ಕಳೆದ ಸಲ ನನಗೆ ಮೂವತ್ತು. ಒಳಗೆ ಹೋದದ್ದನ್ನು ನೋಡಿದೆ. ಹೊರಗೆ ಬರುವ ಹೊತ್ತಿಗೆ ದೂರದರ್ಶಕದ ಕನ್ನಡಿಯನ್ನು ಹೊಸ ಲೇಪಕ್ಕೆಂದು ಕಳಿಸಿದ್ದರು. ಕನ್ನಡಿ ವಾಪಸು ಬಂದಾಗ ನಕ್ಷತ್ರವೂ ವಾಪಸು ಬಂದಾಗಿತ್ತು. ಈ ಮಾರ್ಚಿನಲ್ಲಿ ಮತ್ತೆ ಒಳಗೆ ಹೋಗಿದೆ. ಮುಂದಿನ ಸಲಕ್ಕೆ ನನಗೆ ಎಪ್ಪತ್ತಾರು. ಗುಮ್ಮಟಕ್ಕೆ ವಯಸ್ಸೇ ಇರುವುದಿಲ್ಲ. ಬರುವುದಾದರೆ ಆಗಸ್ಟ್ ಮುಗಿಯುವುದರೊಳಗೆ ಬರಬೇಕು.

ಇವತ್ತಿನ ತೂಕ: ಅರ್ಧ.

ಜೂನ್ ೧೧

ನಾಲ್ಕನೆಯ ದಿನವೂ ಅದೇ ಹುರುಳಿಕಾಯಿ ಬೀಜದ ಸಾರು. ಅಡುಗೆಯ ದೋನ್ ನೋಲ್ಬೆರ್ತೊ ಕುತುರುಫೊ ಅವರನ್ನು ವಿಚಾರಣೆಗೆ ಒಳಪಡಿಸಿದೆ.

"ದೋನ್ ನೋಲ್ಬೆರ್ತೊ, ಇದು ಸೋಮವಾರದ್ದಲ್ವಾ?"

"ಸೋಮವಾರದ್ದೇ. ಹಳತಾದಷ್ಟೂ ರುಚಿ ಏರತ್ತೆ ಡಾಕ್ಟ್ರೇ."

"ಏರಿ ಏರಿ ಈಗ ಇಳೀತಾ ಇದೆ."

ಅವರು ಸೌಟನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ನಂಗೆ ನಲವತ್ತು ಜನಕ್ಕೆ ಮಾಡಕ್ಕೆ ಬರತ್ತೆ. ಇಬ್ರಿಗೆ ಮಾಡಕ್ಕೆ ಬರಲ್ಲ. ಕೈ ತಾನೇ ಅಷ್ಟು ಹಾಕ್ಬಿಡತ್ತೆ. ಏನ್ ಮಾಡ್ಲಿ, ಕೈ ಕಡ್ಕೊಳ್ಳಾ?"

"ಮನೇಲಿ ಹೇಗೆ ಮಾಡ್ತೀರಿ?"

"ಮನೇಲಿ ಒಬ್ನಿಗೆ ಯಾರು ಮಾಡ್ತಾರೆ? ಬ್ರೆಡ್ಡಿಗೆ ಬೆಣ್ಣೆಹಣ್ಣು ಮೆತ್ಕೊಂಡು ತಿಂತೀನಿ."

ಅವರ ಹೆಂಡತಿ ತೀರಿಕೊಂಡ ಸುದ್ದಿ ಮೂರು ವರ್ಷದ ಹಿಂದೆ ಕೇಳಿದ್ದೆ. ಆಗ ಎಲ್ಲರೂ ಸೇರಿ ಒಂದು ಕಾರ್ಡಿಗೆ ಸಹಿ ಹಾಕಿ ಕೊಟ್ಟಿದ್ದೆವು. ಕಾರ್ಡು ದೊಡ್ಡದಾಗಿತ್ತು, ಚೆನ್ನಾಗಿತ್ತು.

ಮಿಕ್ಕ ಮೂವತ್ತೆಂಟು ಜನರ ಪಾಲು ನರಿಗೆ ಹೋಗುತ್ತಿದೆ. ಅದು ದಿನೇದಿನೇ ಸೆನ್ಯೋರ್ ಗಾರ್ಸೆಸ್ ಅವರಂತೆ, ಅಂದರೆ ನಮ್ಮ ಕಚೇರಿಯ ವ್ಯವಸ್ಥಾಪಕರಂತೆ, ತುಂಬಿಕೊಳ್ಳುತ್ತಿದೆ.

ಅರ್ಧ.

ಜೂನ್ ೨೧

ಭೂಮಿಯ ಈ ದಕ್ಷಿಣಾರ್ಧದಲ್ಲಿ ವರ್ಷದ ಅತಿ ಉದ್ದದ ರಾತ್ರಿ. ಮೊದಲೆಲ್ಲ ಇವತ್ತು ಇಲ್ಲಿ ಹಬ್ಬ. ಮಿಕ್ಕ ಜಗತ್ತು ಉದ್ದ ಹಗಲಿಗೆ ಕುಣಿದರೆ ನಾವು ಉದ್ದ ಕತ್ತಲಿಗೆ ಕುಣಿಯುವವರು.

ರಾತ್ರಿಯ ಬುತ್ತಿಯನ್ನು ದೋನ್ ನೋಲ್ಬೆರ್ತೊ ಕಂದು ಕಾಗದದ ಚೀಲದಲ್ಲಿ ಹಾಕಿ ಊಟದ ಮನೆಯ ಹಲಗೆಯ ಮೇಲೆ ಇಡುವುದು ವಾಡಿಕೆ. ಚೀಲದ ಮೇಲೆ ಆಯಾ ಗುಮ್ಮಟದವರ ಹೆಸರು. ನಲವತ್ತು ಚೀಲ ಕೂರುತ್ತಿದ್ದ ಹಲಗೆಯ ಮೇಲೆ ಈಗ ಒಂದೇ ಚೀಲ; ಅದರ ಮೇಲೆ ದಪ್ಪಕ್ಷರದಲ್ಲಿ 'ಡಾಕ್ಟರ್ ಬರ್ರಾಸಾ'.

"ಹೆಸರು ಯಾಕೆ ಬರೀತೀರಿ?" ಎಂದೆ. "ಬೇರೆ ಯಾರು ತಗೊಂಡ್ಹೋಗ್ತಾರೆ ಇಲ್ಲಿ?"

"ಹೆಸರು ಬರೀದಿದ್ರೆ ಅದು ಬರೀ ಚೀಲ" ಎಂದರು.

ಚೀಲದಲ್ಲಿ ಸಾರು ಇರಲಿಲ್ಲ. ಮಾಂಸ ತುಂಬಿ ಕಡುಬಿನಂತೆ ಮಡಿಚಿ ಬೇಯಿಸಿದ ಎಂಪನಾದಾ ಇತ್ತು, ಒಳಗೆ ಎರಡು ಆಲಿವು ಕಾಯಿ. ನಮ್ಮಲ್ಲಿ ಎಂಪನಾದಾಕ್ಕೆ ಒಂದೇ ಆಲಿವು ಹಾಕುವುದು. ಕೈ ತಪ್ಪಿರಬೇಕು.

ಜುಲೈ ೨

ಕಟ್ಟೆಯ ಬಾಜಿಯಲ್ಲಿ ಸತತ ಐದು ದಿನ ನಾನು ನನ್ನನ್ನು ಸೋಲಿಸಿದ್ದೇನೆ. ಹೆಮ್ಮೆಪಡಬೇಕೋ ಬೇಡವೋ ತಿಳಿಯದು.

ಅರ್ಧ.

ಜುಲೈ ೬

ಬಿರುಗಾಳಿ, ಹಿಮ. ಗುಮ್ಮಟದ ಮೇಲ್ಬಾಗಿಲು ಹೆಪ್ಪುಗಟ್ಟಿದೆ. ಕರೆಂಟಿಲ್ಲ. ನನ್ನ ಕೋಣೆಯ ಹೀಟರು ಸತ್ತಿದ್ದರಿಂದ ಹಾಸಿಗೆ ಸಮೇತ ಅಡುಗೆಮನೆಯ ಉಗ್ರಾಣಕ್ಕೆ ವಲಸೆ ಬಂದಿದ್ದೇನೆ. ಸೌದೆ ಒಲೆ ಇರುವುದು ಇಲ್ಲೊಂದೇ ಕಡೆ. ದೋನ್ ನೋಲ್ಬೆರ್ತೊ ಒಲೆಯ ಆಚೆ ಬದಿ ಬೆಂಚಿನ ಮೇಲೆ ಮಲಗುತ್ತಾರೆ. ಗೊರಕೆ ಹೊಡೆಯುತ್ತಾರೆ. ನಾನು ಹೊಡೆಯುವುದಿಲ್ಲ.

ಜುಲೈ ೭

"ನೀವು ಗೊರಕೆ ಹೊಡೀತೀರಿ ಡಾಕ್ಟ್ರೇ" ಎಂದರು. ಆಧಾರವಿಲ್ಲದ ಆರೋಪ.

ಜುಲೈ ೧೦

ಇನ್ನೂ ಹಿಮ. ಕೈ ಸುಮ್ಮನಿರದೆ ಕ್ಯಾಮೆರಾ ಬಿಚ್ಚಿ ತಂದು ಒಲೆಯ ಪಕ್ಕ ಇಟ್ಟು, ಒಳಗೆ ಕೂತಿದ್ದ ತೇವ ಒಣಗಿಸಿ, ಗಾಜು ಒರೆಸಿ ಮತ್ತೆ ದೂರದರ್ಶಕಕ್ಕೆ ಸಿಕ್ಕಿಸಿದೆ. ಮೊದಲಾದರೆ ಇದಕ್ಕೆ ಇಬ್ಬರು ತಂತ್ರಜ್ಞರು, ಒಂದು ಅರ್ಜಿ, ಮೂರು ದಿನ. ಈಗ ನಾನೊಬ್ಬಳೇ, ನಾಲ್ಕು ತಿರುಪು. ಇನ್ನು ನನಗೆ ಯಾರ ಹಂಗೂ ಇಲ್ಲ.

ಸಂಜೆ ಡಾಮಿನೊ ಆಡಿದೆವು. ಅವರು ಮೋಸ ಮಾಡುತ್ತಾರೆ. ಮೋಸ ಮಾಡಿ ಸೋಲುತ್ತಾರೆ. ಇಂಥವರನ್ನು ನಾನು ಕಂಡಿಲ್ಲ.

"ನಿಮ್ಮ ನಕ್ಷತ್ರ ಹೊರಗೆ ಬಂದ್ರೆ ಏನ್ ಸಿಗತ್ತೆ ನಿಮ್ಗೆ?" ಎಂದು ಕೇಳಿದರು.

"ಏನೂ ಸಿಗಲ್ಲ. ಆ ಕತ್ತಲೆ ಎಷ್ಟು ಅಗಲ ಇದೆ ಅಂತ ಗೊತ್ತಾಗತ್ತೆ."

"ಅಷ್ಟೇನಾ?"

"ಅಷ್ಟೇ."

ಅವರು ಒಲೆಗೆ ಇನ್ನೊಂದು ಸೌದೆ ಇಟ್ಟರು. "ಅದು ಗೊತ್ತಾದ್ರೆ ಒಳ್ಳೇದೇ" ಎಂದರು. "ಎಷ್ಟು ಅಗಲ ಅಂತ ಗೊತ್ತಿದ್ರೆ ದಾಟಬಹುದು."

ಮತ್ತೆ ಒಂದು ಕಾಯಿ ಕದ್ದರು.

ಜುಲೈ ೧೬

ಎರಡು.

ಮೂರು ಸಲ ತೂಗಿದೆ. ಎರಡು, ಎರಡು, ಎರಡು. ಆಕಾಶ ಗಾಜಿನಂತಿದೆ. ಬಿರುಗಾಳಿಯ ದಿನಗಳಲ್ಲಿ ನಾನು ಡಾಮಿನೊ ಆಡುತ್ತಿದ್ದಾಗ ಅದು ಸದ್ದಿಲ್ಲದೆ ಹೊರಗೆ ಬಂದುಬಿಟ್ಟಿದೆ. ಬರುವುದನ್ನು ನೋಡಲಾಗಲಿಲ್ಲ, ಆದರೂ ಹತ್ತು ಹದಿನೈದು ದಿನದ ಅಂದಾಜಿನಲ್ಲಿ ದಿನ ಹೇಳಬಹುದು. ಇಪ್ಪತ್ತಮೂರು ವರ್ಷದಲ್ಲಿ ಯಾರೂ ಹೇಳದ್ದನ್ನು ಹೇಳಬಹುದು.

ಬೆಳಗಾಗುವುದನ್ನೂ ಕಾಯದೆ ಜಗತ್ತಿನ ಖಗೋಳಜ್ಞರ ಸುತ್ತೋಲೆಗೆ ಬರೆದು ಕಳಿಸಿದೆ. ಕಳಿಸಿ, ಹೊರಗೆ ಹೋಗಿ, ಮೂರು ಗುಮ್ಮಟಗಳಿಗೂ ಹೇಳಿದೆ. ಅವು ತಿರುಗಲಿಲ್ಲ. ಅಡುಗೆಮನೆಗೆ ಹೋಗಿ ದೋನ್ ನೋಲ್ಬೆರ್ತೊರನ್ನು ಎಬ್ಬಿಸಿದೆ.

"ಬಂತು" ಎಂದೆ.

"ವ್ಯಾನಾ?" ಎಂದರು ನಿದ್ದೆಗಣ್ಣಲ್ಲಿ.

"ನಕ್ಷತ್ರ."

ಅವರು ಎದ್ದು ಕೂತು, ಪ್ಯಾಂಟಿನ ಪಟ್ಟಿ ಸರಿಮಾಡಿಕೊಂಡು, ಗಂಭೀರವಾಗಿ ನನ್ನ ಕೈ ಕುಲುಕಿದರು. ಆಮೇಲೆ ಚಹಾ ಇಟ್ಟರು.

ಜುಲೈ ೧೮

ಇಡೀ ದಿನ ಫೋನು. ಜೂನಿನಲ್ಲಿ ಕೆನ್ನೆ ತಾಗಿಸಿ ಹೋದವರೆಲ್ಲ ಮಾಡಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಹಗಲಲ್ಲೇ ಹಿಡಿದುಕೊಂಡು ತಿರುಗುತ್ತಿದ್ದೇನೆ.

ಸೆನ್ಯೋರ್ ಗಾರ್ಸೆಸ್ ಕೂಡ ಮಾಡಿದರು. "ಅಭಿನಂದನೆ ಡಾಕ್ಟರ್. ನಿಮ್ಮ ಕೆಲಸ ಮುಗೀತಲ್ಲ, ಬಹಳ ಸಂತೋಷ. ಹಾಗಾದ್ರೆ ಗುಮ್ಮಟ ಬಿಚ್ಚೋರನ್ನ ಆಗಸ್ಟ್ ಕೊನೇವರೆಗೂ ಕಾಯ್ಸೋದು ಬೇಡ. ಒಂದನೇ ತಾರೀಕೇ ಕಳಿಸ್ತೀನಿ. ಅಡುಗೆಮನೇನೂ ಅವತ್ತೇ ಮುಚ್ಚಿಬಿಡೋಣ."

ಸರಿ ಎಂದೆ. ಕೆಲಸ ಮುಗಿದದ್ದು ನಿಜ ತಾನೆ.

ದೋನ್ ನೋಲ್ಬೆರ್ತೊ ಕೇಕು ಮಾಡಿದ್ದರು, ಪದರಪದರಕ್ಕೂ ಹಾಲಿನ ಕೆನೆಪಾಕ ಸವರಿ. ನಲವತ್ತು ಜನಕ್ಕಾಗುವಷ್ಟು. ಪ್ರತಿಯಾಗಿ ನಾನು ಆ ರಾತ್ರಿಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ ಕೊಟ್ಟೆ: ಎರಡು ಚುಕ್ಕಿ, ಮೂರು ಮರಿ. ಅಡುಗೆಮನೆ ಮುಚ್ಚುವ ಸುದ್ದಿ ಹೇಳಿದಾಗ ಅವರು ಚಿತ್ರವನ್ನೇ ನೋಡುತ್ತಿದ್ದರು. "ನೇತು ಹಾಕ್ತೀನಿ" ಎಂದರು, ಅಷ್ಟೆ.

ಜುಲೈ ೨೦

ಇವತ್ತು ನಡೆದದ್ದನ್ನು ಯಥಾವತ್ತಾಗಿ ಬರೆಯುತ್ತೇನೆ.

ಸಂಜೆಯ ಚಹಾಕ್ಕೆ ಅಡುಗೆಮನೆಗೆ ಹೋದೆ. ಚಿತ್ರ ಒಲೆಯ ಮೇಲ್ಗಡೆ ಮೊಳೆಗೆ ತೂಗುತ್ತಿತ್ತು. ತಲೆಕೆಳಗಾಗಿ.

"ಉಲ್ಟಾ ಹಾಕಿದೀರಿ ದೋನ್ ನೋಲ್ಬೆರ್ತೊ."

"ಇಲ್ಲ, ಸರಿಯಾಗೇ ಹಾಕಿದೀನಿ. ನೀವು ಕೊಟ್ಟಾಗ ಮರಿಗಳು ಕೋಳಿ ತಲೆ ಮೇಲೆ ಕೂತಿದ್ವು. ಎಲ್ಲಾದ್ರೂ ಉಂಟಾ? ಮರಿ ಯಾವತ್ತೂ ಕೆಳಗೆ."

ನಾನು ನಕ್ಕೆ. ಕುರ್ಚಿ ಹತ್ತಿ ಚಿತ್ರವನ್ನು ನೆಟ್ಟಗೆ ಮಾಡಲು ಕೈ ಹಾಕಿದೆ. ಕೈ ಅಲ್ಲೇ ನಿಂತಿತು.

ಅವರು ಹಾಕಿದ ರೀತಿಯಲ್ಲಿ ಮರಿಗಳು ಬಲಗಡೆಯ ಚುಕ್ಕಿಯ ಕೆಳಗಿದ್ದವು. ಇಪ್ಪತ್ತಮೂರು ವರ್ಷದಿಂದ ಇದ್ದ ಕಡೆಯೇ. ತಪ್ಪಾಗಿ ಇದ್ದದ್ದು ನನ್ನ ಚಿತ್ರ. ಹಿಮದ ದಿನಗಳಲ್ಲಿ, ಯಾರ ಹಂಗೂ ಇಲ್ಲದೆ, ನಾಲ್ಕು ತಿರುಪು ಹಾಕಿ ಕ್ಯಾಮೆರಾವನ್ನು ನಾನು ತಲೆಕೆಳಗಾಗಿ ಕೂರಿಸಿದ್ದೆ. ಎಡ ಬಲವಾಗಿತ್ತು, ಬಲ ಎಡ. ಕಂಪ್ಯೂಟರು ಪಾಪ ಮಾಮೂಲಿನಂತೆ ಎಡದ್ದನ್ನು ಬಲದ್ದರಿಂದ ತೂಗಿತು. ಅಂದರೆ ಪಕ್ಕದ ಮನೆಯದನ್ನು ನನ್ನದರಿಂದ ತೂಗಿತು. ಅರ್ಧವನ್ನು ತಿರುಗಿಸಿ ಹಿಡಿದರೆ ಎರಡು.

ಪಕ್ಕದ ಮನೆಯಾತ ತನ್ನ ಪಾಡಿಗೆ ಮಕ್ಕಳೊಂದಿಗೆ ನಿಂತಿದ್ದ. ನಾನು ಹೋಗಿ ತಬ್ಬಿಕೊಂಡು 'ಬಂದೆಯಾ' ಎಂದು ಊರಿಗೆಲ್ಲ ಕೇಕು ಹಂಚಿದ್ದೆ.

"ಏನಾಯ್ತು ಡಾಕ್ಟ್ರೇ? ಇಳೀರಿ, ಬೀಳ್ತೀರಿ."

"ಇನ್ನೂ ಬಂದಿಲ್ಲ" ಎಂದೆ.

ಈ ಸಲ ಅವರು ವ್ಯಾನಾ ಎಂದು ಕೇಳಲಿಲ್ಲ.

ಜುಲೈ ೨೧

ಸುಮ್ಮನಿದ್ದರೆ ಏನಾಗುತ್ತದೆ ಎಂದು ಇಡೀ ಹಗಲು ಯೋಚಿಸಿದೆ. ಏನೂ ಆಗುವುದಿಲ್ಲ. ಒಂದನೇ ತಾರೀಕು ಗುಮ್ಮಟ ಹೋಗುತ್ತದೆ, ಪುಸ್ತಕದಲ್ಲಿ ನನ್ನ ಹೆಸರು ಉಳಿಯುತ್ತದೆ. ಇಪ್ಪತ್ತಮೂರು ವರ್ಷದ ಮೇಲೆ ಯಾವನೋ ಬಂದು 'ಬರ್ರಾಸಾ ಹೇಳಿದ ದಿನಕ್ಕೆ ಹೊರಬರಲಿಲ್ಲವಲ್ಲ' ಎಂದು ತಲೆ ಕೆರೆದುಕೊಳ್ಳುತ್ತಾನೆ. ಅವನ ತಲೆ, ಅವನ ಉಗುರು.

ಆದರೆ ಮುಗಿದಿದೆ ಎಂದು ಒಪ್ಪಿಕೊಂಡರೆ ಇನ್ನು ಅದಕ್ಕಾಗಿ ಕಾಯುವವರು ಯಾರೂ ಇರುವುದಿಲ್ಲ. ಅದು ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬರಾದರೂ ಬೇಡವೇ?

ಸುತ್ತೋಲೆಗೆ ಬರೆದೆ: 'ಕ್ಯಾಮೆರಾ ತಲೆಕೆಳಗಾಗಿತ್ತು. ನಕ್ಷತ್ರ ಇನ್ನೂ ಮರೆಯಲ್ಲಿಯೇ ಇದೆ. ತಪ್ಪು ನನ್ನದು.' ಮೂರೇ ಸಾಲು. ಮೂರು ಸಾಲಿಗೆ ಎರಡು ಕೆಟಲು ಚಹಾ ಬೇಕಾಯಿತು.

ಸೆನ್ಯೋರ್ ಗಾರ್ಸೆಸ್‌ಗೆ ಫೋನು ಮಾಡಿ ಹಳೆಯ ತಾರೀಕೇ ಇರಲಿ ಎಂದು ಕೇಳಿದೆ.

"ಅಯ್ಯೋ ಡಾಕ್ಟರ್, ಕ್ರೇನಿಗೆ ಹೇಳಾಗಿದೆಯಲ್ಲ."

"ಕ್ರೇನಿಗಿಂತ ನಕ್ಷತ್ರ ದೊಡ್ಡದು ಸೆನ್ಯೋರ್."

"ಇರಬಹುದು. ಆದರೆ ಕ್ರೇನು ತಾರೀಕು ಹೇಳಿದೆ. ನಿಮ್ಮ ನಕ್ಷತ್ರ ಹೇಳಿಲ್ಲವಲ್ಲ."

ಸೆನ್ಯೋರ್ ಗಾರ್ಸೆಸ್‌ಗೆ ಹಾಸ್ಯಪ್ರಜ್ಞೆ ಇದೆಯೆಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಾಗದೆ ಇದ್ದರೂ ನಡೆಯುತ್ತಿತ್ತು.

ಕ್ಯಾಮೆರಾ ನೆಟ್ಟಗೆ ಮಾಡಿದೆ. ಅರ್ಧ.

ಜುಲೈ ೨೪

ಫೋನು ಬಂದಿಲ್ಲ. ಯಾರದೂ.

ಜುಲೈ ೨೫

ಅರ್ಧ.

ಜುಲೈ ೨೬

ಕಟ್ಟೆಗೆ ಹೋಗಲಿಲ್ಲ. ಮಂಚದ ಮೇಲೆ ಕೂತು ಗೋಡೆ ನೋಡಿದೆ. ಗೋಡೆಯ ಬೆಳಕು ಏರಲಿಲ್ಲ, ಇಳಿಯಲಿಲ್ಲ.

ಬಾಗಿಲ ಬಳಿ ಕಂದು ಚೀಲ ಇತ್ತು. ಹೆಸರು ಬರೆದಿತ್ತು.

ಜುಲೈ ೨೭

ಕಟ್ಟೆಯ ಮೇಲೆ ದೋನ್ ನೋಲ್ಬೆರ್ತೊ ಮೊದಲೇ ಬಂದು ನಿಂತಿದ್ದರು, ಏಪ್ರನ್ ಸಮೇತ. ಅವರು ಈ ಬೆಟ್ಟಕ್ಕೆ ಬಂದ ಹತ್ತೊಂಬತ್ತು ವರ್ಷದಲ್ಲಿ ಅವರನ್ನು ಅಲ್ಲಿ ಕಂಡದ್ದಿಲ್ಲ; ಆ ಹೊತ್ತಿಗೆ ಅವರಿಗೆ ನಲವತ್ತು ಚೀಲ ಕಟ್ಟುವ ಕೆಲಸ.

"ನಿನ್ನೆ ಬರಲಿಲ್ಲ ನೀವು" ಎಂದರು.

"ನೀವ್ಯಾಕೆ ಬಂದಿದೀರಿ?"

"ಯಾರೋ ಒಬ್ರು ನೋಡ್ಬೇಕಲ್ಲ. ಮೋಡ ಅಂತೀನಿ ನಾನು."

"ಶುಭ್ರ" ಎಂದೆ.

ಮೋಡವಾಯಿತು. ಬೆಳಿಗ್ಗೆ ಎರಡು ಕಪ್ಪು ತೊಳೆದೆ. ಬಾಜಿ ಕಟ್ಟಲು ಎದುರಿಗೆ ಇನ್ನೊಬ್ಬರಿದ್ದರೆ ಸೋಲುವುದರಲ್ಲಿ ಸ್ವಲ್ಪ ಶಿಸ್ತಿರುತ್ತದೆ.

ಜುಲೈ ೨೯

ಕ್ಯಾಮೆರಾ ಕೊಂಡೊಯ್ಯಲು ಜನ ಬಂದರು. ನಿನ್ನೆ ರಾತ್ರಿ ಮೋಡದ ಸಂದಿಯಲ್ಲಿ ಕೊನೆಯ ಸಲ ತೂಗಿದ್ದೆ: ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಮೋಡದ ಆಟವೂ ಇರಬಹುದು. ನನ್ನ ಆಸೆಯೂ ಇರಬಹುದು. ಒಮ್ಮೆ ಸುಳ್ಳು ಹೇಳಿದವಳ ಕೂದಲೆಳೆಯನ್ನು ಯಾರೂ ನಂಬುವುದಿಲ್ಲ, ನಾನಂತೂ ನಂಬುವುದಿಲ್ಲ.

ಕ್ಯಾಮೆರಾವನ್ನು ಅವರು ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. "ಯಾವ ಕಡೆ ಮೇಲೆ, ಡಾಕ್ಟರ್?" ಎಂದು ಒಬ್ಬ ಕೇಳಿದ. ಪಕ್ಕದವನು ಕೆಮ್ಮಿದ. ಸುದ್ದಿ ಕೆಳಗಿನವರೆಗೂ ಹೋಗಿದೆ.

ಮೋಡ.

ಜುಲೈ ೩೧

ನಾಳೆ ಕ್ರೇನು. ಇವತ್ತು ಸಂಜೆ ಆಕಾಶ ತೆರೆಯಿತು. ಕಟ್ಟೆಯಲ್ಲಿ ಇಬ್ಬರೂ 'ಶುಭ್ರ' ಎಂದೆವು; ನಿಯಮಕ್ಕೆ ವಿರುದ್ಧ, ಆದರೆ ಹೋಗಲಿ.

ಉಗ್ರಾಣದ ಮೂಲೆಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ, ಕಣ್ಣಿಟ್ಟು ನೋಡುವ ಮಸೂರ ಸಿಕ್ಕಿತ್ತು. ಕ್ಯಾಮೆರಾ ಇದ್ದ ಜಾಗಕ್ಕೆ ಅದನ್ನೇ ಸಿಕ್ಕಿಸಿದೆ. ನಾವು ಯಾರೂ ಈಗ ಕಣ್ಣಿನಿಂದ ನೋಡುವುದಿಲ್ಲ. ಕಣ್ಣಿಗೆ ಆಸೆಯಿರುತ್ತದೆ, ಕ್ಯಾಮೆರಾಕ್ಕೆ ಇರುವುದಿಲ್ಲ. ನನ್ನ ಕಣ್ಣಂತೂ ಪರಮ ಭ್ರಷ್ಟ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಅದು ಏನು ಹೇಳುತ್ತದೆಂದು ನನಗೆ ಮೊದಲೇ ಗೊತ್ತು. ಬೇಕಾದ್ದು ಯಾವುದು ಯಾವುದೆಂದು ತಿಳಿಯದ ಕಣ್ಣು.

ಮೊಬ್ಬುಗತ್ತಲಲ್ಲೇ ದೋನ್ ನೋಲ್ಬೆರ್ತೊರನ್ನು ಗುಮ್ಮಟಕ್ಕೆ ಕರೆದೆ. ಅವರು ಹೊಸ್ತಿಲಲ್ಲಿ ಶೂ ಕಳಚಿದರು.

"ಹಾಕ್ಕೊಳ್ಳಿ, ಚಳಿ" ಎಂದೆ.

"ಇದ್ರೊಳಗೆ ನಾನು ಯಾವತ್ತೂ ನೋಡಿಲ್ಲ ಡಾಕ್ಟ್ರೇ."

"ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ?"

"ಯಾರಾದ್ರೂ ಚೀಲ ಮರೆತ್ರೆ ಬಾಗಿಲಿಗೆ ತಂದ್ಕೊಟ್ಟು ಹೋಗ್ತಿದ್ದೆ. ಯಾರೂ ಒಳಗೆ ಬಾ ಅನ್ಲಿಲ್ಲ."

ಏಣಿ ಹಿಡಿದುಕೊಂಡೆ. ಅವರು ಹತ್ತಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮಸೂರಕ್ಕಿಟ್ಟರು.

"ಕಾಣ್ತಾ?"

"ಎರಡಿವೆ. ಮರಿಗಳೆಲ್ಲಿ?"

"ಈ ಮಸೂರಕ್ಕೆ ಅವು ಚೌಕಟ್ಟಿನ ಆಚೆ. ಯಾವುದು ಜಾಸ್ತಿ ಬೆಳಗ್ತಿದೆ ಹೇಳಿ."

"ನಿಮ್ಮದು ಯಾವ್ದು?"

"ಹೇಳಲ್ಲ. ನಂಗೆ ಖುಷಿ ಆಗ್ಲಿ ಅಂತ ಹೇಳ್ಬೇಡಿ. ನೀವು ಡಾಮಿನೊದಲ್ಲಿ ಬೇಕಂತ ಸೋಲೋದು ನಂಗೆ ಗೊತ್ತು."

"ಬೇಕಂತ ಯಾರು ಸೋತಿದಾರೆ?" ಎಂದು ಗೊಣಗಿ ಮತ್ತೆ ಕಣ್ಣಿಟ್ಟರು. "ಯಾವ್ದೂ ಜಾಸ್ತಿ ಇಲ್ಲ. ಎರಡೂ ಒಂದೇ."

ಏಣಿಯನ್ನು ಗಟ್ಟಿಯಾಗಿ ಹಿಡಿದೆ. ಅವರನ್ನು ಇಳಿಸಿದೆ. ಮಸೂರದ ಮುಂದಿನ ಪಟ್ಟಕವನ್ನು ತಿರುಗಿಸಿ ಎಡವನ್ನು ಬಲ ಮಾಡಿದೆ. ಮತ್ತೆ ಹತ್ತಿಸಿದೆ.

"ಈಗ?"

"ಈಗ್ಲೂ ಅಷ್ಟೇ. ಅವಳಿ-ಜವಳಿ ಹಾಗಿವೆ."

ಇನ್ನೊಮ್ಮೆ ತಿರುಗಿಸಿದೆ.

"ನನ್ನ ಪರೀಕ್ಷೆ ಮಾಡ್ತಿದೀರಾ ಡಾಕ್ಟ್ರೇ?"

"ಹೌದು."

"ಒಂದೇ ಅಂದ್ರೆ ಒಂದೇ. ಎಷ್ಟು ಸಲ ಹತ್ತಿಸ್ತೀರಿ, ಮಂಡಿ ನೋಯತ್ತೆ." ಇಳಿಯುತ್ತಾ ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಯಾಕೆ, ಕೆಟ್ಟದಾಯ್ತಾ?"

ಅರ್ಧವಿದ್ದದ್ದು ಒಂದಾಗಿದೆ. ಹೊರಗೆ ಬರುತ್ತಿದೆ. ಈಗ, ಈ ಸಂಜೆ, ನಾವು ನೋಡುತ್ತಿರುವಂತೆಯೇ. ಅರ್ಧವನ್ನು ತಿರುಗಿಸಿದರೆ ಎರಡಾಗಿ ಮೋಸ ಮಾಡೀತು. ಒಂದನ್ನು ಹೇಗೆ ತಿರುಗಿಸಿದರೂ ಅದು ಒಂದೇ. ನನ್ನ ಕೈಗೆ ಕೂಡ ಅದನ್ನು ತಲೆಕೆಳಗು ಮಾಡಲಾಗದು.

ಅದನ್ನೇ ಅವರಿಗೆ ಹೇಳಿದೆ. ಎಷ್ಟು ಅರ್ಥವಾಯಿತೋ. "ಅರ್ಧ ದಾಟಿದೆ ಅನ್ನಿ" ಎಂದರು.

ಆಮೇಲೆ ನಾನು ಹತ್ತಿ ನೋಡಿದೆ. ಮಸೂರ ಒದ್ದೆಯಾಗಿತ್ತು, ಇಬ್ಬನಿಯಿರಬೇಕು. ಈ ಬೆಟ್ಟದಲ್ಲಿ ಇಬ್ಬನಿ ಬೀಳುವುದಿಲ್ಲ ಎಂಬುದು ಬೇರೆ ಮಾತು.

ಸುತ್ತೋಲೆಗೆ ಕಳಿಸಿದೆ: 'ಜುಲೈ ಮೂವತ್ತೊಂದರ ಸಂಜೆ ಎರಡು ನಕ್ಷತ್ರಗಳೂ ಸಮ. ಕಣ್ಣಿನಿಂದ, ಮೂರು ಸಲ, ಪಟ್ಟಕ ತಿರುಗಿಸಿ. ನೋಡಿದವರು: ಒ. ಬರ್ರಾಸಾ, ನೋ. ಕುತುರುಫೊ.'

ಆಗಸ್ಟ್ ೧

ಕ್ರೇನು ಬಂತು. ಗುಮ್ಮಟದ ತಲೆ ಎತ್ತಿದರು. ಒಳಗೆ ಬಿಸಿಲು ಬಿತ್ತು. ಅದು ಕಟ್ಟಿದ ಮೇಲೆ ಮೊದಲ ಸಲವಿರಬೇಕು. ಎಲ್ಲ ಬಹಳ ಚಿಕ್ಕದಾಗಿ ಕಂಡಿತು.

ದೋನ್ ನೋಲ್ಬೆರ್ತೊ ಕಣಿವೆಯ ಊರಾದ ವಿಕುನ್ಯಾದಲ್ಲಿರುವ ತಂಗಿಯ ಮನೆಗೆ ಹೋಗುತ್ತಾರಂತೆ. ನನ್ನ ಹಳೆಯ ದುರ್ಬೀನನ್ನು ಅವರಿಗೆ ಕೊಟ್ಟು, ಕಿನ್ನರನ ಮುಂಗಾಲಿನಿಂದ ಆ ಜೋಡಿಗೆ ದಾರಿ ಹೇಗೆಂದು ಚೀಲದ ಕಾಗದದ ಮೇಲೆ ಬರೆದುಕೊಟ್ಟೆ. ಅವರು ನನಗೆ ದಾರಿಬುತ್ತಿ ಕೊಟ್ಟರು. ಸಣ್ಣ ಪಾತ್ರೆಯಲ್ಲಿ ಸಾರು, ಸರಿಯಾಗಿ ಒಬ್ಬರಿಗೆ. ಸಣ್ಣ ಪಾತ್ರೆ ಯಾವಾಗ ತಂದರೋ ಕೇಳಲಿಲ್ಲ.

ನರಿ ವ್ಯಾನಿನ ಹಿಂದೆ ಎರಡನೇ ತಿರುವಿನವರೆಗೆ ಓಡಿ ಬಂತು. ಮೈ ಬೆಳೆದಿದೆ, ಅದಕ್ಕಿಂತ ದೂರ ಆಗಲಿಲ್ಲ.

ಆಗಸ್ಟ್ ೫

ಲಾ ಸೆರೆನಾ. ನನ್ನ ಮನೆಯ ಕಿಟಕಿಯ ಗಿಡ ಸತ್ತಿದೆ. ಬೀದಿದೀಪ ಎಷ್ಟಿದೆಯೆಂದರೆ ಚಂದ್ರನೇ ತಡಕಾಡಬೇಕು. ಸುತ್ತೋಲೆಯವರು ಕೇಳಿದ್ದಾರೆ: ನೋ. ಕುತುರುಫೊ ಯಾವ ಸಂಸ್ಥೆ? ಅಡುಗೆಮನೆ ಎಂದು ಬರೆದೆ. ಬೇರೆ ದೇಶದ ಇಬ್ಬರು ನಮ್ಮ ಟಿಪ್ಪಣಿ ನೋಡಿ ತಮ್ಮ ದೂರದರ್ಶಕವನ್ನು ಅತ್ತ ತಿರುಗಿಸಿದ್ದಾರಂತೆ.

ಆಗಸ್ಟ್ ೮

ಸಂಜೆ ಫೋನು.

"ಡಾಕ್ಟ್ರೇ, ಎಡಗಡೇದು ಜಾಸ್ತಿ ಇದೆ."

"ಎಷ್ಟು ಜಾಸ್ತಿ?"

"ಒಂಚೂರಲ್ಲ. ಚೆನ್ನಾಗೇ ಜಾಸ್ತಿ ಇದೆ."

"ನೀವು ಹೇಗೆ ನಿಂತಿದೀರಿ?"

"ನಿಂತಿಲ್ಲ. ಅಂಗಳದಲ್ಲಿ ಆರಾಮ ಕುರ್ಚಿ ಹಾಕ್ಕೊಂಡು ಮಲಗಿದೀನಿ."

"ತಲೆ ಯಾವ ಕಡೆ?"

"ತಲೆನಾ? ಒಲೆ ಕಡೆ."

"ಒಲೆ ಯಾವ ದಿಕ್ಕಿಗಿದೆ ದೋನ್ ನೋಲ್ಬೆರ್ತೊ?"

ಅವರು ಒಳಗೆ ಹೋಗಿ ತಂಗಿಯನ್ನು ಕೇಳಿದರು. ತಂಗಿ ಮೂಡಣ ಎಂದಳು, ಅವರು ತೆಂಕಣ ಎಂದರು, ಅಲ್ಲಿ ಅಣ್ಣ-ತಂಗಿಗೆ ಜಗಳ ಹತ್ತಿಕೊಂಡಿತು. ನಾನು ಫೋನು ಕಿವಿಗಿಟ್ಟುಕೊಂಡು ಕೇಳುತ್ತಾ ಕೂತೆ. ಮೇಜಿನ ಮೇಲಿದ್ದ ಕಂದು ಚೀಲದ ಬೆನ್ನಿಗೆ ಎರಡು ಚುಕ್ಕಿ ಬರೆದು, ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದೆ. ಎಡವೇ ನನ್ನದಾಗಬಹುದು. ಪಕ್ಕದ ಮನೆಯದೂ ಆಗಬಹುದು.

ಇಂಥ ವಿಷಯವನ್ನು ಫೋನಿನಲ್ಲಿ ನಂಬಲಾಗದು. ಒಲೆಯ ದಿಕ್ಕನ್ನು ಖುದ್ದಾಗಿ ನೋಡಿಯೇ ತೀರ್ಮಾನಿಸಬೇಕು. ನಾಳೆ ಬೆಳಗಿನ ಬಸ್ಸಿಗೆ ವಿಕುನ್ಯಾಕ್ಕೆ ಹೊರಡುತ್ತಿದ್ದೇನೆ. ಕಾರಣ ಕೇವಲ ವೈಜ್ಞಾನಿಕ.

ಡಾಮಿನೊ ಪೆಟ್ಟಿಗೆ ಚೀಲಕ್ಕೆ ಹಾಕಿದ್ದೇನೆ.